ಗಣಿ ಪಕ್ಕದ ಬೋರಿನಲ್ಲಿ ನೀರು ಇಳಿದಾಗ: ಕಾರಣ ಹುಡುಕುವ ಕೈಪಿಡಿ

ಮಾರ್ಚ್ ಬಂತೆಂದರೆ ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಗಣಿಗಳ ಪಕ್ಕದ ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ನೀರಿನದೇ ಮಾತು. "ಗಣಿಯೋರು ನೀರೆಲ್ಲ ಎಳ್ಕೊಂಡ್ರು" ಅಂತ ರೈತರು ಹೇಳುತ್ತಾರೆ. "ಮಳೆ ಆಗಿಲ್ಲ, ಊರ ತುಂಬ ಬೋರ್ ಹೊಡೆಸಿದ್ದೀರಿ, ನಮ್ಮನ್ನ ಯಾಕೆ ಕೇಳ್ತೀರಿ" ಅಂತ ಗಣಿಯ ಕಡೆಯವರು. ಎರಡೂ ನಿಜ ಇರಬಹುದು. ಎರಡೂ ಸುಳ್ಳಿರಬಹುದು. ಯಾರ ಕೈಯಲ್ಲೂ ಅಳತೆ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ನೀರು ಮಾತ್ರ ಇಳಿಯುತ್ತಲೇ ಇರುತ್ತದೆ.

ಈ ಬರಹ ಪಂಚಾಯ್ತಿಯ ನೀರುಗಂಟಿಗೆ, ತಮ್ಮ ಬೋರಿನ ಲೆಕ್ಕ ಇಡುವ ರೈತರಿಗೆ, ಗಣಿಯ ಪರಿಸರ ವಿಭಾಗದಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗ ಹುಡುಗಿಯರಿಗೆ. ನೀರು ಇಳಿದಂತೆ ಕಂಡಾಗ ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮೊದಲು ಮೋಟರ್. ಆಮೇಲೆ ಟೇಪು ಮತ್ತು ಯಂತ್ರ. ಆಮೇಲೆ ಬೋರು, ಮಳೆ, ಅಕ್ಕಪಕ್ಕದ ತೋಟ. ಕೊನೆಗೆ ಗಣಿ. ಗಣಿಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ಹಿಂದಿನ ಎಲ್ಲವನ್ನೂ ನೋಡಿ, ಒಂದೊಂದಾಗಿ ತಳ್ಳಿಹಾಕಿ ಬರೆದ ದೂರನ್ನು ಪಕ್ಕಕ್ಕಿಡುವುದು ಯಾರಿಗೂ ಸುಲಭವಲ್ಲ.

ಇಳಿದದ್ದು ನೀರೋ, ಮೋಟರೋ?

ನಮ್ಮ ಕಡೆ ಬೋರಿನ ನೀರನ್ನು ಇಂಚಿನಲ್ಲಿ ಹೇಳುವುದು ರೂಢಿ. "ಎರಡಿಂಚು ಇತ್ತು, ಈಗ ಒಂದಿಂಚಿಗೆ ಬಂದಿದೆ" ಎನ್ನುತ್ತಾರೆ. ಆದರೆ ಇದು ಹೊರಗೆ ಬೀಳುವ ನೀರಿನ ಪ್ರಮಾಣ. ಒಳಗೆ ನೀರು ಎಷ್ಟು ಆಳದಲ್ಲಿ ನಿಂತಿದೆ ಎಂಬುದು ಇದರಿಂದ ಗೊತ್ತಾಗುವುದಿಲ್ಲ. ಪಂಪಿನ ಚಕ್ರ ಸವೆದಿದ್ದರೂ ನೀರು ಕಡಿಮೆ ಬರುತ್ತದೆ. ವೋಲ್ಟೇಜ್ ಬಿದ್ದರೂ ಬರುತ್ತದೆ. ಒಳಗಿನ ಪೈಪು ತೂತಾಗಿದ್ದರೂ ಅಷ್ಟೇ.

ಮೋಟರ್ ಹಾಕಿ ಕೇಸಿಂಗಿನ, ಎಂದರೆ ಬೋರಿನ ಹೊರ ಕೊಳವೆಯ, ಬಾಯಿಗೆ ಕಿವಿ ಕೊಡಿ. ಒಳಗೆ ಮೇಲಿಂದ ನೀರು ಸುರಿಯುವ ಸದ್ದು ಕೇಳಿದರೆ ಪೈಪಿನ ಜಾಯಿಂಟ್ ಬಿಟ್ಟಿರಬಹುದು. ಪ್ಯಾನಲ್ ಬೋರ್ಡಿನಲ್ಲಿ ಆಂಪ್ಸ್ ನೋಡಿ. ನೀರು ನಿಜವಾಗಿ ಪಂಪಿಗಿಂತ ಕೆಳಗೆ ಹೋಗಿದ್ದರೆ ಮೊದಲು ಚೆನ್ನಾಗಿ ಹೊಡೆದು, ಆಮೇಲೆ ಗಾಳಿ ಸೇರಿ ಬಿಟ್ಟು ಬಿಟ್ಟು ಬರುತ್ತದೆ, ಆಂಪ್ಸ್ ಕೆಳಗೆ ಬೀಳುತ್ತದೆ. ಶುರುವಿನಿಂದಲೂ ಒಂದೇ ಸಮ ಸಣ್ಣಗೆ ಬರುತ್ತಿದ್ದರೆ ಪಂಪಿನ ಮೇಲೆ ಅನುಮಾನ ಪಡಿ. ಮೋಟರ್ ಎತ್ತಿಸಿದರೆ ಗೊತ್ತಾಗುವ ವಿಷಯಕ್ಕೆ ಗಣಿಯವರ ಜೊತೆ ಜಗಳ ಬೇಡ.

ಅಳತೆ ಸರಿ ಇದೆಯೇ?

ನೀರಿನ ಆಳ ಅಳೆಯಲು ಬೀಪ್ ಎನ್ನುವ ಟೇಪು ಸಾಕು. ತುದಿಯ ಕಡ್ಡಿ ನೀರು ಮುಟ್ಟಿದರೆ ಸದ್ದು ಮಾಡುತ್ತದೆ. ಸರಳ ಸಾಧನ, ಆದರೆ ಸುಳ್ಳು ಹೇಳುವ ಸಂದರ್ಭಗಳಿವೆ.

ಮೇಲಿನ ಬಿರುಕಿನಿಂದ ಬೋರಿನ ಗೋಡೆ ಮೇಲೆ ನೀರು ಜಿನುಗುತ್ತಿದ್ದರೆ ಟೇಪು ಅಲ್ಲೇ ಬೀಪ್ ಎನ್ನುತ್ತದೆ. ನಿಜವಾದ ಮಟ್ಟ ಇನ್ನೂ ಕೆಳಗಿರುತ್ತದೆ. ಸದ್ದು ಬಂದ ಮೇಲೂ ಟೇಪನ್ನು ಇನ್ನೊಂದೆರಡು ಮೀಟರ್ ಇಳಿಸಿ. ಸದ್ದು ನಿಂತುಹೋದರೆ ಅದು ಜಿನುಗು ನೀರು. ಬಿಡದೆ ಕೂಗುತ್ತಿದ್ದರೆ ಅದೇ ಮಟ್ಟ. ಕಬ್ಬಿಣದ ಅಂಶ ಜಾಸ್ತಿ ಇರುವ ನಮ್ಮ ನೀರಿನಲ್ಲಿ ಕಡ್ಡಿಯ ತುದಿಗೆ ಕೆಂಪು ಪದರ ಕಟ್ಟುತ್ತದೆ. ಪ್ರತಿ ಸಲ ಒರೆಸಬೇಕು.

ದೊಡ್ಡ ಗೊಂದಲ ಬರುವುದು ಬೇರೆ ಕಡೆ. ಅಳತೆ ಎಲ್ಲಿಂದ ಶುರು? ಒಬ್ಬರು ನೆಲದಿಂದ ಅಳೆಯುತ್ತಾರೆ, ಇನ್ನೊಬ್ಬರು ಕೇಸಿಂಗ್ ಅಂಚಿನಿಂದ. ಕೇಸಿಂಗ್ ನೆಲದ ಮೇಲೆ ಅರ್ಧ ಮೀಟರ್ ಇದ್ದರೆ ಇಬ್ಬರ ಲೆಕ್ಕದಲ್ಲೂ ಅರ್ಧ ಮೀಟರ್ ವ್ಯತ್ಯಾಸ. ಅಂಚಿನಲ್ಲಿ ಒಂದು ಕಡೆ ಪೇಂಟಿನಲ್ಲಿ ಗುರುತು ಹಾಕಿ. ಎಲ್ಲರೂ ಅಲ್ಲಿಂದಲೇ ಅಳೆಯಬೇಕು. ಗುರುತು ನೆಲದಿಂದ ಎಷ್ಟು ಎತ್ತರ ಎಂದು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ. ಟ್ರ್ಯಾಕ್ಟರ್ ತಾಗಿ ಕೇಸಿಂಗ್ ಕತ್ತರಿಸಿದರೆ, ವೆಲ್ಡಿಂಗ್ ಮಾಡಿ ಎತ್ತರಿಸಿದರೆ, ಆ ತಾರೀಖನ್ನೂ ಬರೆಯಿರಿ. ಅಡಿ ಮತ್ತು ಮೀಟರ್ ಬೆರೆಸಬೇಡಿ. ಊರಲ್ಲಿ ಅಡಿ, ಸರ್ಕಾರಿ ಕಾಗದದಲ್ಲಿ ಮೀಟರ್. ಒಂದು ಮೀಟರ್ ಎಂದರೆ 3.28 ಅಡಿ.

ಇನ್ನೊಂದು ನಿಯಮ. ಸುತ್ತಲಿನ ಬೋರುಗಳ ಮೋಟರ್ ನಿಂತು ನಾಲ್ಕರಿಂದ ಆರು ಗಂಟೆ ಆದ ಮೇಲೆಯೇ ಅಳೆಯಬೇಕು. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ ಹೇಳುವುದೂ ಇದನ್ನೇ. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆ ಎಂದು ನೋಡಿಕೊಂಡು, ಅದಕ್ಕೆ ಮೊದಲು ಅಳೆದು ಮುಗಿಸಿ. ಕರೆಂಟ್ ಹೋದ ಹತ್ತು ನಿಮಿಷಕ್ಕೆ ಅಳೆದ ಸಂಖ್ಯೆಗೆ ಬೆಲೆ ಇಲ್ಲ.

ಯಂತ್ರದ ಗೆರೆ ಏನು ಹೇಳುತ್ತಿದೆ?

ದೊಡ್ಡ ಗಣಿಗಳ ಪೀಜೋಮೀಟರ್‌ಗಳಲ್ಲಿ, ಎಂದರೆ ನೀರೆತ್ತದೆ ಬರೀ ಅಳತೆಗೆಂದು ಬಿಟ್ಟ ಬೋರುಗಳಲ್ಲಿ, ಡಿಜಿಟಲ್ ರೆಕಾರ್ಡರ್ ಇರುತ್ತದೆ. ನೀರಿನೊಳಗೆ ತೂಗುಬಿಟ್ಟ ಸೆನ್ಸರ್ ತನ್ನ ಮೇಲಿನ ನೀರಿನ ಒತ್ತಡ ಅಳೆದು ಮಟ್ಟ ಹೇಳುತ್ತದೆ. ಅದು ಬರೆದ ಗೆರೆಯ ಆಕಾರದಲ್ಲೇ ಅರ್ಧ ಕಾರಣ ಸಿಗುತ್ತದೆ.

ಗೆರೆ ಇದ್ದಕ್ಕಿದ್ದಂತೆ ಮೆಟ್ಟಿಲಿನಂತೆ ಮೇಲಕ್ಕೋ ಕೆಳಕ್ಕೋ ಸರಿದು, ಆಮೇಲೆ ಹಳೆಯ ಏರಿಳಿತವೇ ಮುಂದುವರಿದಿದ್ದರೆ ನೀರಿನ ಬಗ್ಗೆ ಯೋಚಿಸುವ ಮೊದಲು ಕೇಬಲ್ ನೋಡಿ. ಕೊಕ್ಕೆ ಜಾರಿರುತ್ತದೆ, ಇಲ್ಲವೇ ಯಾರೋ ಸೆನ್ಸರ್ ಎತ್ತಿ ತೊಳೆದು ಬೇರೆ ಎತ್ತರಕ್ಕೆ ಕಟ್ಟಿರುತ್ತಾರೆ. ಗೆರೆ ಅಡ್ಡಡ್ಡ ಚಪ್ಪಟೆಯಾಗಿದ್ದರೆ ನೀರು ಸೆನ್ಸರ್‌ಗಿಂತ ಕೆಳಗೆ ಇಳಿದಿದೆ. ಇದನ್ನು "ಮಟ್ಟ ಸ್ಥಿರವಾಗಿದೆ" ಎಂದು ವರದಿಯಲ್ಲಿ ಬರೆಯುವುದು ದೊಡ್ಡ ಅನ್ಯಾಯ. ನೀರು ಅತಿ ಹೆಚ್ಚು ಇಳಿದ ದಿನಗಳೇ ಹಾಗೆ ಮುಚ್ಚಿಹೋಗುತ್ತವೆ.

ಗೆರೆ ದಿನಕ್ಕೆರಡು ಸಲ ಮೂರ್ನಾಲ್ಕು ಸೆಂಟಿಮೀಟರ್ ಏರಿ ಇಳಿಯುತ್ತಿದ್ದರೆ ಅದು ಗಾಳಿಯ ಒತ್ತಡ. ಬೆಳಗ್ಗೆ ಹತ್ತರ ಸುಮಾರಿಗೆ, ರಾತ್ರಿ ಹತ್ತರ ಸುಮಾರಿಗೆ ವಾತಾವರಣದ ಒತ್ತಡ ಏರುತ್ತದೆ, ಬೆಳಗಿನ ಜಾವ ನಾಲ್ಕು ಮತ್ತು ಸಂಜೆ ನಾಲ್ಕರ ಹೊತ್ತಿಗೆ ಇಳಿಯುತ್ತದೆ. ಒಂದು ಮಿಲಿಬಾರ್ ಒತ್ತಡ ಅಂದರೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ನೀರು. ಕೆಲವು ಸೆನ್ಸರ್‌ಗಳಲ್ಲಿ ಈ ಲೆಕ್ಕ ಬೇರೆಯಾಗಿ ಕಳೆಯಬೇಕು. ಕೇಬಲ್ ಒಳಗೆ ಗಾಳಿ ಕೊಳವೆ ಇರುವ ಸೆನ್ಸರ್‌ಗಳಲ್ಲಿ ಅದು ತಾನಾಗಿ ಕಳೆದುಹೋಗುತ್ತದೆ. ಆದರೆ ಕೊಳವೆಯ ಬಾಯಲ್ಲಿ ತೇವ ಹೀರುವ ಹರಳುಗಳಿರುತ್ತವೆ. ಅವು ಬಣ್ಣ ತಿರುಗಿದ್ದರೆ ಬದಲಿಸಬೇಕು. ಇಲ್ಲದಿದ್ದರೆ ಒಳಗೆ ನೀರಿನ ಹನಿ ಕಟ್ಟಿ ಗೆರೆ ನಿಧಾನಕ್ಕೆ ದಾರಿ ತಪ್ಪುತ್ತದೆ.

ಡೇಟಾ ಬರುವುದೇ ನಿಂತಿದ್ದರೆ ಸಿಮ್, ಬ್ಯಾಟರಿ, ಸೋಲಾರ್ ಫಲಕ ನೋಡಿ. ಅದಿರಿನ ಕೆಂಪು ಧೂಳು ಕೂತರೆ ಫಲಕ ಚಾರ್ಜ್ ಮಾಡುವುದಿಲ್ಲ. ಏನೇ ಇರಲಿ, ತಿಂಗಳಿಗೊಮ್ಮೆ ಕೈಯಲ್ಲಿ ಟೇಪು ಇಳಿಸಿ ಯಂತ್ರದ ಸಂಖ್ಯೆಗೆ ಹೋಲಿಸಬೇಕು. ಎರಡರ ನಡುವಿನ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಯಂತ್ರವನ್ನು ನಂಬಬೇಡಿ.

ಬೋರು ಕಟ್ಟಿಕೊಂಡಿದೆಯೇ?

ಮಳೆ ಬಂದರೂ ಏರದ, ಬೇಸಿಗೆಯಲ್ಲೂ ಇಳಿಯದ ಬೋರಿನಲ್ಲಿ ಹೂಳು ತುಂಬಿ ಬಂಡೆಯ ಬಿರುಕುಗಳು ಮುಚ್ಚಿರಬಹುದು. ಅದರಲ್ಲಿ ಕಾಣುವ ನೀರಿಗೂ ಸುತ್ತಲಿನ ಅಂತರ್ಜಲಕ್ಕೂ ಸಂಬಂಧ ಕಡಿದಿರುತ್ತದೆ.

ಪರೀಕ್ಷೆ ಸುಲಭ. ಕುಡಿಯುವಂಥ ಶುದ್ಧ ನೀರನ್ನು ಅಳೆದು ಒಮ್ಮೆಲೇ ಸುರಿಯಿರಿ. ಆರು ಇಂಚಿನ ಕೇಸಿಂಗಿನಲ್ಲಿ ಒಂದು ಮೀಟರ್ ಏರಲು ಸುಮಾರು 18 ಲೀಟರ್ ಬೇಕು, ನಾಲ್ಕು ಇಂಚಿನದಕ್ಕೆ ಸುಮಾರು 8 ಲೀಟರ್. ನೂರು ಲೀಟರ್ ಹಾಕಿದರೆ ಆರಿಂಚಿನ ಬೋರಿನಲ್ಲಿ ಐದು ಮೀಟರಿಗೂ ಮೇಲೆ ಏರಬೇಕು. ಆಮೇಲೆ ಗಡಿಯಾರ ಹಿಡಿದು ನೋಡಿ. ನಿಮಿಷಗಳಲ್ಲೋ ಗಂಟೆಗಳಲ್ಲೋ ಹಳೆಯ ಮಟ್ಟಕ್ಕೆ ಇಳಿದರೆ ಬೋರು ಜೀವಂತ ಇದೆ. ಮರುದಿನವೂ ಅಲ್ಲೇ ನಿಂತಿದ್ದರೆ ಕಂಪ್ರೆಸರ್ ತರಿಸಿ, ಗಾಳಿ ಊದಿ ಹೂಳು ಹೊರಹಾಕುವ ಫ್ಲಶಿಂಗ್ ಮಾಡಿಸಬೇಕು. ಅಲ್ಲಿಯವರೆಗಿನ ಅದರ ಅಂಕಿಗಳನ್ನು ಯಾರ ಪರವಾಗಿಯೂ ಬಳಸಬಾರದು.

ಮಳೆಯ ಲೆಕ್ಕ

ನಮ್ಮದು ಗಟ್ಟಿ ಬಂಡೆಯ ನೆಲ. ಮೇಲೆ ಪುಡಿಯಾದ ಬಂಡೆಯ ಒಂದು ಪದರ, ಕೆಳಗೆ ಬಿರುಕುಗಳು. ನೀರು ನಿಲ್ಲಲು ಜಾಗ ಬಹಳ ಕಡಿಮೆ. ನೆಲದ ನೂರು ಪಾಲಿನಲ್ಲಿ ಒಂದರಿಂದ ಮೂರು ಪಾಲಿನಷ್ಟು ಮಾತ್ರ ಕೈಗೆ ಸಿಗುವ ನೀರು. ಹಾಗಾಗಿ ಸ್ವಲ್ಪ ಮಳೆ ಇಂಗಿದರೂ ಮಟ್ಟ ಮೀಟರ್‌ಗಟ್ಟಲೆ ಏರುತ್ತದೆ, ಸ್ವಲ್ಪ ಎತ್ತಿದರೂ ಮೀಟರ್‌ಗಟ್ಟಲೆ ಬೀಳುತ್ತದೆ. ನವೆಂಬರಿಗೂ ಮೇ ತಿಂಗಳಿಗೂ ದೊಡ್ಡ ವ್ಯತ್ಯಾಸ ಇರುವುದು ಸಹಜ.

ಆದ್ದರಿಂದ ಮೇ ತಿಂಗಳನ್ನು ಮೇ ತಿಂಗಳಿಗೇ ಹೋಲಿಸಿ, ನವೆಂಬರನ್ನು ನವೆಂಬರಿಗೇ. ಇಷ್ಟು ಮಾಡಿದರೂ ಮೋಸ ಹೋಗಬಹುದು. 2022ನ್ನು ನೆನಪು ಮಾಡಿಕೊಳ್ಳಿ. 1933ರ ನಂತರ ಮೊದಲ ಸಲ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಜಲಾಶಯ ಕೋಡಿ ಬಿದ್ದ ವರ್ಷ ಅದು. ಅದರ ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2022ರ ನವೆಂಬರನ್ನು ಆಧಾರವಾಗಿಟ್ಟುಕೊಂಡು 2023ರದನ್ನು ನೋಡಿದರೆ ಗಣಿಯೇ ಇಲ್ಲದ ಜಗಳೂರಿನ ಹಳ್ಳಿಯಲ್ಲೂ ನೀರು ಕುಸಿದಂತೆ ಕಾಣುತ್ತದೆ. 2023ನ್ನು ಆಧಾರ ಮಾಡಿಕೊಂಡು "ನಮ್ಮ ಗಣಿಯಿಂದ ನೀರು ಏರಿದೆ" ಎನ್ನುವ ವರದಿಗೂ ಇದೇ ಮಾತು. ಯಾವ ವರ್ಷದಿಂದ ಶುರು ಮಾಡಿದ್ದಾರೆ ಎಂದು ಮೊದಲು ನೋಡಿ.

ಇದಕ್ಕೆ ಪರಿಹಾರ ಹೋಲಿಕೆ ಬೋರು. ಗಣಿಯಿಂದ ನಾಲ್ಕೈದು ಕಿಲೋಮೀಟರ್ ದೂರ, ಅದೇ ಜಾತಿಯ ಬಂಡೆ, ಅದೇ ಮಳೆ, ಹೆಚ್ಚುಕಮ್ಮಿ ಅಷ್ಟೇ ತೋಟ ಇರುವ ಕಡೆ ಒಂದು ಬೋರನ್ನು ಆರಿಸಿ ಅದನ್ನೂ ಅದೇ ದಿನ ಅಳೆಯಿರಿ. ಎರಡರ ವ್ಯತ್ಯಾಸವನ್ನು ತಿಂಗಳು ತಿಂಗಳು ಬರೆಯುತ್ತಾ ಹೋಗಿ. ಎರಡೂ ಒಟ್ಟಿಗೆ ಇಳಿದರೆ ಮಳೆಯ ಕೊರತೆ. ದೂರದ್ದು ನಿಂತಿದ್ದು ಹತ್ತಿರದ್ದು ಮಾತ್ರ ಜಾರುತ್ತಿದ್ದರೆ ಹತ್ತಿರದಲ್ಲಿ ಏನೋ ಆಗುತ್ತಿದೆ. ಈ ಇಡೀ ಕೈಪಿಡಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎಂದರೆ ಇದನ್ನು ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ. ಹೋಲಿಕೆ ಬೋರು ಇಲ್ಲದ ವರದಿ, ಅದು ರೈತರದಾಗಲಿ ಗಣಿಯದಾಗಲಿ, ಅರ್ಧ ವರದಿ.

ಮಳೆಯ ಅಂಕಿಗೆ ಪರದಾಡಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಇವೆ. ಅಂತರ್ಜಲ ಉಳಿಸುವ ಕೇಂದ್ರದ ಅಟಲ್ ಭೂಜಲ ಯೋಜನೆಯಲ್ಲಿ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆ ಇದ್ದವು. ನಿಮ್ಮ ಪಂಚಾಯ್ತಿ ಅದರಲ್ಲಿತ್ತೇ, ಆಗ ಬರೆದಿಟ್ಟ ನೀರಿನ ಮಟ್ಟದ ಪುಸ್ತಕ ಇದೆಯೇ ಎಂದು ಕೇಳಿ.

ತೋಟಗಳ ಲೆಕ್ಕ

ಈ ಲೆಕ್ಕ ರೈತರಿಗೆ ಹಿಡಿಸದಿರಬಹುದು. ಆದರೂ ಮಾಡಲೇಬೇಕು.

ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದಿಟ್ಟುಕೊಳ್ಳಿ. ದಿನಕ್ಕೆ 11,000 ಲೀಟರ್, ವಾರಕ್ಕೆ 77,000. ನೆಲದಲ್ಲಿ ನೂರಕ್ಕೆ ಎರಡು ಪಾಲು ನೀರು ಎಂದು ಹಿಡಿದರೆ, ಒಂದು ಎಕರೆಯ ಕೆಳಗೆ ಒಂದು ಮೀಟರ್ ಮಟ್ಟ ಇಳಿಯಲು ಸುಮಾರು 81,000 ಲೀಟರ್ ಎತ್ತಿದರೆ ಸಾಕು. ಅಂದರೆ ಸುತ್ತಲಿಂದ ನೀರು ಹರಿದು ಬರದಿದ್ದರೆ, ತೋಟ ತನ್ನ ಕೆಳಗಿನ ನೀರನ್ನು ವಾರಕ್ಕೆ ಒಂದು ಮೀಟರಿನಷ್ಟು ಕುಡಿಯುತ್ತದೆ. ಸುತ್ತ ಎಲ್ಲಾ ತೋಟವೇ ಆದರೆ ಹರಿದು ಬರುವುದು ಎಲ್ಲಿಂದ, ಅಲ್ವಾ?

ರೆಕಾರ್ಡರ್ ಗೆರೆಯಲ್ಲಿ ಇದು ಗರಗಸದ ಹಲ್ಲಿನಂತೆ ಕಾಣುತ್ತದೆ. ತ್ರೀ ಫೇಸ್ ಬಂದಾಗ ಇಳಿತ, ಹೋದಾಗ ಏರಿಕೆ. ಕರೆಂಟಿನ ಪಾಳಿ ಹಗಲಿಂದ ರಾತ್ರಿಗೆ ಬದಲಾದ ವಾರ ಹಲ್ಲುಗಳೂ ರಾತ್ರಿಗೆ ಸರಿದಿದ್ದರೆ ಅನುಮಾನವೇ ಬೇಡ, ಅದು ತೋಟಗಳ ಪಂಪು. ನಾಲ್ಕು ದಿನ ಒಳ್ಳೆ ಮಳೆ ಬಂದಾಗ ರೈತರು ಮೋಟರ್ ಹಾಕುವುದಿಲ್ಲ. ಆಗ ಗೆರೆ ಮೇಲೆ ಏರಬೇಕು. ಗಣಿಯಲ್ಲಿ ಇದು ಉಲ್ಟಾ. ಮಳೆ ಬಂದರೆ ಹೊಂಡಕ್ಕೆ ನೀರು ಸೇರಿ ಅವರ ಪಂಪು ಜಾಸ್ತಿ ಓಡುತ್ತದೆ. ತೋಟದ ಮೋಟರ್‌ಗಳೆಲ್ಲ ನಿಂತ ಮಳೆ ವಾರದಲ್ಲೂ ಗಣಿ ಅಂಚಿನ ಬೋರು ಏರದಿದ್ದರೆ ಆ ವಾರದ ಗೆರೆಯನ್ನು ಜೋಪಾನವಾಗಿ ತೆಗೆದಿಡಿ.

ಈಗ ಗಣಿ

ಮೊದಲ ಪ್ರಶ್ನೆ: ಗಣಿ ಹೊಂಡ ಅಂತರ್ಜಲ ಮುಟ್ಟಿದೆಯೇ? ಇದಕ್ಕೆ ಆಳ ಕೇಳಿದರೆ ಸಾಲದು, ಸಮುದ್ರ ಮಟ್ಟದಿಂದ ಎತ್ತರ ಕೇಳಬೇಕು. ಚಿತ್ರದುರ್ಗದ ಕಬ್ಬಿಣದ ಅದಿರು ಹೆಚ್ಚಾಗಿ ಗುಡ್ಡಗಳ ನೆತ್ತಿಯಲ್ಲಿದೆ. ಒಂದು ಉದಾಹರಣೆ ನೋಡಿ. ಹೊಂಡದ ತಳ 760 ಮೀಟರ್ ಎತ್ತರದಲ್ಲಿದೆ. ನಿಮ್ಮ ತೋಟದ ನೆಲ 700 ಮೀಟರ್, ನೀರು 40 ಮೀಟರ್ ಆಳದಲ್ಲಿದೆ. ಆಗ ನೀರಿನ ಮಟ್ಟ 660. ಹೊಂಡದ ತಳಕ್ಕೂ ನಿಮ್ಮ ನೀರಿಗೂ ನೂರು ಮೀಟರ್ ಅಂತರ. ಗುಡ್ಡದ ಕೆಳಗೆ ನೀರಿನ ಮಟ್ಟ ಬಯಲಿಗಿಂತ ಮೇಲಿರುತ್ತದೆ ಎಂಬುದು ನಿಜ. ಅದಕ್ಕೇ ಹೊಂಡದ ಅಂಚಿನಲ್ಲೇ ಒಂದು ಪೀಜೋಮೀಟರ್ ಬೇಕು. ಇಷ್ಟಾದರೂ ಅಂತರ ದೊಡ್ಡದಿದ್ದರೆ ಹೊಂಡದ ಪಂಪು ನಿಮ್ಮ ನೀರನ್ನು ಎಳೆಯುತ್ತಿದೆ ಎಂದು ಹೇಳಲಾಗದು.

ಹಾಗಾದರೆ ಗಣಿಗೆ ಸಂಬಂಧವೇ ಇಲ್ಲ ಎನ್ನಬಹುದೇ? ಬೇಡ. ಇಲ್ಲಿ ಎರಡು ದಾರಿ ಉಳಿದಿವೆ, ಜನ ಹೆಚ್ಚಾಗಿ ನೋಡದ ದಾರಿಗಳು.

ಒಂದು, ಹಳ್ಳ ಮತ್ತು ಕೆರೆ. ಗುಡ್ಡದ ಮೇಲೆ ಬಿದ್ದ ಮಳೆ ಹಳ್ಳ ಹಿಡಿದು ಕೆರೆಗೆ ಬಂದು, ಅಲ್ಲಿಂದ ಇಂಗಿ ಬೋರುಗಳಿಗೆ ಸೇರಬೇಕು. ಗಣಿಯವರು ಸುರಿದ ಮಣ್ಣಿನ ಗುಡ್ಡೆಗಳಿಂದ ಕೊಚ್ಚಿಬಂದ ನುಣ್ಣನೆಯ ಕೆಮ್ಮಣ್ಣು ಕೆರೆಯ ತಳದಲ್ಲಿ ಗಾರೆ ಹಾಕಿದಂತೆ ಕೂತುಬಿಡುತ್ತದೆ. ಕೆರೆಯಲ್ಲಿ ನೀರು ನಿಂತಿದ್ದರೂ ಕೆಳಗಿನ ಬೋರುಗಳಿಗೆ ಇಳಿಯುವುದಿಲ್ಲ. ಇದರ ಲಕ್ಷಣ ಏನೆಂದರೆ, ಬೇಸಿಗೆಯ ಇಳಿತ ಮೊದಲಿನಷ್ಟೇ ಇರುತ್ತದೆ, ಮಳೆಗಾಲದ ಏರಿಕೆ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತದೆ. ಕೆರೆ ಒಣಗಿದಾಗ ತಳದಲ್ಲಿ ಒಂದು ಗುಂಡಿ ತೋಡಿ. ಮೇಲೆ ಕೆಂಪು ನುಣುಪು ಪದರ, ಕೆಳಗೆ ಕೆರೆಯ ಹಳೇ ಮಣ್ಣು ಬೇರೆ ಬೇರೆಯಾಗಿ ಕಂಡರೆ ಫೋಟೋ ತೆಗೆದು ಪದರದ ದಪ್ಪ ಅಳೆಯಿರಿ. ಹಳ್ಳದ ದಾರಿಯನ್ನೂ ನಡೆದು ನೋಡಿ. ಲಾರಿ ರಸ್ತೆಗಾಗಿ ಎಲ್ಲಾದರೂ ಅಡ್ಡ ಕಟ್ಟಿದ್ದಾರೆಯೇ, ತಿರುಗಿಸಿದ್ದಾರೆಯೇ?

ಎರಡು, ಟ್ಯಾಂಕರ್. ಧೂಳು ಏಳದಂತೆ ರಸ್ತೆಗೆ ನೀರು ಹೊಡೆಯಲೇಬೇಕು, ಅದು ಒಳ್ಳೆಯದೇ. ಆ ನೀರು ಎಲ್ಲಿಂದ ಬರುತ್ತದೆ? ಹತ್ತು ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆ ಇಪ್ಪತ್ತು ಸಲ ತುಂಬಿದರೆ ಎರಡು ಲಕ್ಷ ಲೀಟರ್. ಮೇಲಿನ ಲೆಕ್ಕದಲ್ಲಿ ಅದು ಹದಿನೆಂಟು ಎಕರೆ ಅಡಿಕೆ ತೋಟದ ಒಂದು ದಿನದ ನೀರು. ಹೊಂಡದಲ್ಲಿ ನಿಂತ ಮಳೆನೀರನ್ನು ಬಳಸುತ್ತಿದ್ದರೆ ಸರಿ. ಊರ ಪಕ್ಕದ ಬೋರಿನಿಂದ ತುಂಬುತ್ತಿದ್ದರೆ ಆ ಬೋರಿಗೆ ಅನುಮತಿ ಇದೆಯೇ, ಮೀಟರ್ ಇದೆಯೇ ಎಂದು ಕೇಳುವ ಹಕ್ಕು ಊರಿಗಿದೆ.

ಇನ್ನು ಹೊಂಡ ನಿಜಕ್ಕೂ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿದ್ದರೆ ಲಕ್ಷಣಗಳು ಬೇರೆ. ಮಳೆ ನಿಂತು ತಿಂಗಳಾದರೂ, ಏಪ್ರಿಲ್‌ನಲ್ಲೂ, ಹೊಂಡದ ಗೋಡೆಯಿಂದ ನೀರು ಜಿನುಗುತ್ತದೆ. ಪಂಪು ಬೇಸಿಗೆಯಲ್ಲೂ ಓಡುತ್ತದೆ. ಹೊಂಡಕ್ಕೆ ಹತ್ತಿರದ ಬೋರುಗಳಲ್ಲಿ ಇಳಿತ ಹೆಚ್ಚು, ದೂರ ಹೋದಂತೆ ಕಡಿಮೆ. ಆದರೆ ಈ ಇಳಿತ ಎಲ್ಲಾ ದಿಕ್ಕಿಗೂ ಒಂದೇ ಸಮ ಹರಡುವುದಿಲ್ಲ. ಚಿತ್ರದುರ್ಗದ ಬಂಡೆ ಪಟ್ಟಿ ಗದಗದ ಕಡೆಯಿಂದ ದಕ್ಷಿಣಕ್ಕೆ 400 ಕಿಲೋಮೀಟರಿಗೂ ಉದ್ದ ಹಾಸಿದೆ. ನಮ್ಮ ಭಾಗದಲ್ಲಿ ಅದರ ಪದರಗಳು ಹೆಚ್ಚುಕಮ್ಮಿ ವಾಯವ್ಯದಿಂದ ಆಗ್ನೇಯಕ್ಕೆ ಓಡುತ್ತವೆ. ಗುಡ್ಡದ ಸಾಲುಗಳನ್ನು ನೋಡಿದರೇ ದಿಕ್ಕು ಗೊತ್ತಾಗುತ್ತದೆ. ನೀರು ಆ ದಿಕ್ಕಿನಲ್ಲಿ ಸಲೀಸಾಗಿ ಚಲಿಸುತ್ತದೆ, ಅಡ್ಡ ದಿಕ್ಕಿಗೆ ಕಷ್ಟಪಟ್ಟು. ನಡುವೆ ಕಪ್ಪು ಕಲ್ಲಿನ ಗೋಡೆಯಂಥ ಪದರ ಅಡ್ಡ ಬಂದರೆ ಅಲ್ಲಿಗೇ ನಿಲ್ಲಲೂಬಹುದು. ಹಾಗಾಗಿ ಗಣಿಯಿಂದ ಅರ್ಧ ಕಿಲೋಮೀಟರ್ ಪೂರ್ವಕ್ಕಿರುವ ಬೋರು ಚೆನ್ನಾಗಿದ್ದು, ಎರಡು ಕಿಲೋಮೀಟರ್ ಆಗ್ನೇಯಕ್ಕಿರುವುದು ಇಳಿದರೆ ಆಶ್ಚರ್ಯವಿಲ್ಲ. "ಹತ್ತಿರದ ಬೋರೇ ಸರಿ ಇದೆ, ದೂರದ್ದು ಹೇಗೆ ಹಾಳಾಗುತ್ತೆ" ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಎಲ್ಲಾ ಪೀಜೋಮೀಟರ್‌ಗಳನ್ನು ಅಡ್ಡ ದಿಕ್ಕಿನಲ್ಲೇ ಹಾಕಿದ್ದರೆ ಆ ಜಾಲವನ್ನೇ ಪ್ರಶ್ನಿಸಬೇಕು. ಪದರದ ದಿಕ್ಕಿನಲ್ಲಿ, ಗುಡ್ಡದ ಸಾಲಿನ ಉದ್ದಕ್ಕೂ ಎರಡೂ ಕಡೆ ಬೋರು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನೀರಿನ ಬಣ್ಣದ ಬಗ್ಗೆ ಒಂದು ಮಾತು. ಬೋರಿನ ನೀರು ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಕೆಂಪಾದರೆ ಅದು ಕರಗಿದ ಕಬ್ಬಿಣ, ನಮ್ಮ ಬಂಡೆಯಲ್ಲೇ ಇರುವಂಥದ್ದು. ಬರುವಾಗಲೇ ಕೆಸರಾಗಿ ಬಂದರೆ, ಅದೂ ಸಿಡಿಮದ್ದು ಹೊಡೆದ ದಿನವೇ ಬಂದರೆ, ಸಮಯ ಬರೆದಿಡಿ. ಇಂಗಳದಾಳದಂಥ ಹಳೇ ತಾಮ್ರದ ಗಣಿಗಳ ಕಡೆ ಗಂಧಕ ಇರುವ ಅದಿರು ಗಾಳಿ ನೀರಿಗೆ ತೆರೆದರೆ ಆಮ್ಲ ಹುಟ್ಟುತ್ತದೆ. ಅಂಥಲ್ಲಿ ನೀರಿನ ಹುಳಿ, ಸಲ್ಫೇಟ್ ಎರಡನ್ನೂ ಪರೀಕ್ಷೆ ಮಾಡಿಸಬೇಕು.

ಕಾರಣ ಸಿಕ್ಕ ಮೇಲೆ

ತೋಟಗಳದೇ ಭಾರ ಎಂದಾದರೆ ಪಾಳಿ ಹಾಕಿಕೊಳ್ಳುವುದು, ಹನಿ ನೀರಾವರಿ, ಮರಗಳ ಬುಡಕ್ಕೆ ಹೊದಿಕೆ, ಬೋರಿಗೆ ಮಳೆನೀರು ಇಂಗಿಸುವುದು. ಬೋರು ಮರುಪೂರಣದ ಕೆಲಸಕ್ಕೆ ನಮ್ಮ ಚಿತ್ರದುರ್ಗದವರೇ ಆದ ಭೂಜಲ ತಜ್ಞ ಎನ್. ಜೆ. ದೇವರಾಜ ರೆಡ್ಡಿ ರಾಜ್ಯದಲ್ಲೆಲ್ಲ ಹೆಸರಾದವರು. ಹೊಸ ಬೋರ್ ಹೊಡೆಸುವ ಮೊದಲು ಇದ್ದ ಬೋರಿನ ಸುತ್ತ ಗುಂಡಿ ತೋಡಿ, ಆ ಗುಂಡಿಗೆ ಕಲ್ಲು, ಜಲ್ಲಿ, ಮರಳು ತುಂಬಿಸಿ. ಆದರೆ ಅಳತೆಗೆಂದು ಬಿಟ್ಟ ಬೋರಿಗೆ ಮಾತ್ರ ನೀರು ಇಂಗಿಸಬೇಡಿ, ಅದರಿಂದ ಎತ್ತಲೂಬೇಡಿ. ಅದು ಸುಮ್ನೆ ನಿಂತು ನೋಡುವ ಬೋರು.

ಕೆರೆ ಮುಚ್ಚಿದ್ದರೆ ಹೂಳು ತೆಗೆಸುವುದು ಅರ್ಧ ಕೆಲಸ. ಗುಡ್ಡೆಯ ಬುಡಕ್ಕೆ ತಡೆಗೋಡೆ, ಗುಡ್ಡೆಯ ಸುತ್ತ ಕಾಲುವೆ, ಅದರ ಕೊನೆಗೆ ಕೆಸರು ಇಳಿಯುವ ಹೊಂಡ, ಹಳ್ಳಕ್ಕೆ ಚೆಕ್ ಡ್ಯಾಂ ಇಲ್ಲದಿದ್ದರೆ ಮುಂದಿನ ಮಳೆಗೆ ಹೂಳು ಮತ್ತೆ ಬರುತ್ತದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರಿನ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕೆಂದು ಹೇಳಿತು. ನಿಮ್ಮೂರ ಗಣಿಯ ಯೋಜನೆ ತರಿಸಿಕೊಂಡು, ಅದರಲ್ಲಿರುವ ಕಾಲುವೆ, ಗೋಡೆ, ಚೆಕ್ ಡ್ಯಾಂಗಳನ್ನು ಜಾಗದ ಮೇಲೆ ಹೋಗಿ ನೋಡಿ. ಚೆಕ್ ಡ್ಯಾಂ ಇದ್ದು ಹೂಳಿನಿಂದ ತುಂಬಿದ್ದರೆ ಅದು ಇಲ್ಲದ ಲೆಕ್ಕ.

ಹೊಂಡದ ನೀರನ್ನು ಊರ ಕೆರೆಗೆ ಬಿಡಿ ಎಂದು ಕೇಳುವುದು ನ್ಯಾಯವೇ. ಆದರೆ ಕೆಸರು ಇಳಿಸಿ, ಪರೀಕ್ಷೆ ಮಾಡಿಸಿ ಬಿಡಬೇಕು. ಕೆಸರು ನೀರನ್ನು ನೇರ ಬೋರಿಗೆ ಇಂಗಿಸಿದರೆ ಬಿರುಕುಗಳು ಮುಚ್ಚಿ ಶಾಶ್ವತ ನಷ್ಟ ಆಗುತ್ತದೆ.

ಕಾಗದಗಳು ಎಲ್ಲಿ ಸಿಗುತ್ತವೆ? ಗಣಿಯ ಪರಿಸರ ಅನುಮತಿ ಪತ್ರ ನೋಡಿ. ಸಾಮಾನ್ಯವಾಗಿ ಅದರಲ್ಲಿ ವರ್ಷಕ್ಕೆ ನಾಲ್ಕು ಸಲ, ಬೇಸಿಗೆ, ಆಗಸ್ಟ್, ನವೆಂಬರ್, ಜನವರಿಯಲ್ಲಿ, ಅಂತರ್ಜಲ ಅಳೆಯಬೇಕೆಂಬ ಷರತ್ತು ಇರುತ್ತದೆ. ಅಂತರ್ಜಲ ಮಟ್ಟದ ಕೆಳಗೆ ಹೋಗುವ ಮೊದಲು ಬೇರೆ ಅನುಮತಿ ಬೇಕೆಂದೂ ಇರುತ್ತದೆ. ಷರತ್ತು ಪಾಲನೆಯ ವರದಿಯನ್ನು ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ರ ಒಳಗೆ ಕೊಡಬೇಕು. ಅದು ಗುಟ್ಟಿನ ಕಾಗದ ಅಲ್ಲ. ಅದರ ಅಂಕಿಗಳ ಪಕ್ಕದಲ್ಲಿ ನಿಮ್ಮ ಅಂಕಿಗಳನ್ನು ಬರೆದು, ವ್ಯತ್ಯಾಸ ಇದ್ದರೆ ಜಿಲ್ಲಾ ಅಂತರ್ಜಲ ಕಚೇರಿ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ ಮೂರಕ್ಕೂ ಕೊಡಿ. ಪ್ರತಿ ಅಳತೆಯ ಜೊತೆ ತಾರೀಖು, ಗಂಟೆ, ಟೇಪಿನ ಫೋಟೋ ಇರಲಿ.

ಇನ್ನೂ ತೀರ್ಮಾನ ಆಗದಿದ್ದರೆ: ಪಂಪು ನಿಲ್ಲಿಸಿ ನೋಡುವುದು

ಎಲ್ಲಾ ನೋಡಿದ ಮೇಲೂ ಹೊಂಡದ ಪಂಪಿನ ಮೇಲೆ ಅನುಮಾನ ಉಳಿದರೆ ಒಂದು ನೇರ ಪರೀಕ್ಷೆ ಇದೆ. ಪಂಚಾಯ್ತಿ, ಗಣಿ, ಅಂತರ್ಜಲ ಕಚೇರಿ ಮೂವರೂ ಒಪ್ಪಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ, ಮಳೆ ಇಲ್ಲದ ಹೊತ್ತಿನಲ್ಲಿ, ಹೊಂಡದ ಪಂಪನ್ನು ಕೆಲವು ದಿನ ನಿಲ್ಲಿಸಬೇಕು. ತೋಟಗಳ ಪಂಪು ಎಂದಿನಂತೆ ಓಡಲಿ, ಹೆಚ್ಚು ಮಾಡಬೇಡಿ, ಕಡಿಮೆಯೂ ಬೇಡ. ನಿಲ್ಲಿಸುವ ಒಂದು ವಾರ ಮುಂಚೆಯಿಂದಲೇ ಹೊಂಡದ ಅಂಚು, ಗುಡ್ಡದ ಸಾಲಿನ ದಿಕ್ಕು, ಅಡ್ಡ ದಿಕ್ಕು ಮತ್ತು ದೂರದ ಹೋಲಿಕೆ ಬೋರುಗಳಲ್ಲಿ ಅಳತೆ ಶುರು ಮಾಡಿ. ನಿಲ್ಲಿಸಿದ ಮೊದಲ ದಿನ ಗಂಟೆಗೊಮ್ಮೆ, ಆಮೇಲೆ ದಿನಕ್ಕೆರಡು ಸಲ ಅಳೆಯಿರಿ.

ಹೊಂಡದ ಅಂಚಿನ ಬೋರು ಮೊದಲು ಏರುತ್ತದೆ. ಸಂಬಂಧ ಇದ್ದರೆ ನಿಮ್ಮ ಬೋರು ತಡವಾಗಿ, ಕಡಿಮೆ ಪ್ರಮಾಣದಲ್ಲಿ ಏರುತ್ತದೆ, ಅಥವಾ ಇಳಿಯುತ್ತಿದ್ದ ವೇಗ ತಗ್ಗುತ್ತದೆ. ಹೋಲಿಕೆ ಬೋರು ತನ್ನ ಪಾಡಿಗೆ ಇಳಿಯುತ್ತಲೇ ಇರುತ್ತದೆ. ಪಂಪು ಮತ್ತೆ ಶುರು ಮಾಡಿದಾಗ ಇದೆಲ್ಲ ತಿರುಗಿ ಕಾಣಬೇಕು. ಎರಡೂ ಸಲ ಕಂಡರೆ ಸಂಬಂಧ ಇದೆ ಎಂದು ಬರೆದು ಮೂವರೂ ಸಹಿ ಹಾಕಬಹುದು. ಏನೂ ಕಾಣದಿದ್ದರೆ ತಕ್ಷಣ "ಸಂಬಂಧ ಇಲ್ಲ" ಎಂದು ಸಹಿ ಮಾಡಬೇಡಿ. ಎರಡು ಕಿಲೋಮೀಟರ್ ದೂರದ ಬೋರಿಗೆ ಪರಿಣಾಮ ತಲುಪಲು ಆ ದಿನಗಳು ಸಾಲದೇ ಹೋಗಿರಬಹುದು. ಅಂಚಿನ ಬೋರು ಏರಿ ನಿಮ್ಮದು ಏರದಿದ್ದರೆ, ಪಂಪು ನಿಲ್ಲಿಸುವ ಅವಧಿಯನ್ನು ಹೆಚ್ಚಿಸಿ ಇನ್ನೊಮ್ಮೆ ಮಾಡಬೇಕೆಂದು ನಡಾವಳಿಯಲ್ಲೇ ಬರೆಸಿಕೊಳ್ಳಿ.